ಕರಾವಳಿಯ ಊಟಕ್ಕೆ ಬೊಜೊಲೆ: ಮೊದಲ ಬಾಟಲಿ ಕೊಳ್ಳುವವರಿಗೆ

ಕೆಂಪು ವೈನಿನ ರುಚಿ ನೋಡಬೇಕೆಂದಿದ್ದೇನೆ, ಯಾವುದನ್ನು ಕೊಳ್ಳಲಿ ಎಂದು ಕಾರವಾರದ ಪರಿಚಿತರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವ ಹೆಸರು ಬೊಜೊಲೆ. ಇದಕ್ಕೆ ಕಾರಣ ನಮ್ಮ ಊಟದ ತಾಟಿನಲ್ಲೇ ಇದೆ. ಬಂಗುಡೆ, ತಾರ್ಲೆಗಳಂಥ ಎಣ್ಣೆಯಂಶದ ಮೀನಿನ ಜೊತೆ ಗಡಸಾದ ಕೆಂಪು ವೈನನ್ನು ಕುಡಿದರೆ ಅದರ ಒಗರು ಮೀನಿನೊಂದಿಗೆ ಹೊಂದದೆ ಬಾಯಲ್ಲಿ ಲೋಹದಂಥ ರುಚಿ ಉಳಿಯುತ್ತದೆ. ಶೇಕಡಾ 14ಕ್ಕಿಂತ ಹೆಚ್ಚು ಮದ್ಯಸಾರವಿದ್ದರಂತೂ ಮೆಣಸಿನ ಖಾರ ಇನ್ನಷ್ಟು ಉರಿಯುತ್ತದೆ. ಬೊಜೊಲೆಯಲ್ಲಿ ಒಗರು ಕಡಿಮೆ, ಹುಳಿ ಹೆಚ್ಚು, ಮದ್ಯಸಾರ ಸಾಮಾನ್ಯವಾಗಿ ಶೇಕಡಾ 12ರಿಂದ 13ರ ಆಸುಪಾಸು. ಮುರುಗಲು ಹುಳಿಗೆ ಪಳಗಿದ ನಮ್ಮ ನಾಲಿಗೆಗೆ ಆ ಹುಳಿ ಹೊಸದೆನಿಸುವುದಿಲ್ಲ.

ಬೊಜೊಲೆ ಎಂಬುದು ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕೆ, ಬರ್ಗಂಡಿಯ ದಕ್ಷಿಣದ ಅಂಚಿಗೆ ಇರುವ ಗುಡ್ಡಗಾಡು ಪ್ರದೇಶ. ಅಲ್ಲಿನ ಕೆಂಪು ವೈನಿನ ದ್ರಾಕ್ಷಿ ಗಮೇ. ಬರ್ಗಂಡಿಯ ದೊರೆ ಫಿಲಿಪ್ 1395ರಲ್ಲಿ ಈ ಬಳ್ಳಿಯನ್ನು ಕೀಳೆಂದು ಹಳಿದು, ತನ್ನ ಸೀಮೆಯಿಂದ ಕಿತ್ತು ಹಾಕುವಂತೆ ಆಜ್ಞೆ ಹೊರಡಿಸಿದ್ದ. ದಕ್ಷಿಣದ ಗ್ರಾನೈಟ್ ಗುಡ್ಡಗಳಲ್ಲಿ ಅದೇ ಬಳ್ಳಿ ಚೆನ್ನಾಗಿ ನೆಲೆಯೂರಿತು. ಬರ್ಗಂಡಿಯ ಪೀನೊ ನ್ವಾರ್ ದ್ರಾಕ್ಷಿಯ ವೈನುಗಳ ಪ್ರತಿಷ್ಠೆಯಾಗಲಿ ಬೆಲೆಯಾಗಲಿ ಗಮೇಗೆ ಇಂದಿಗೂ ಬಂದಿಲ್ಲ. ಕೈಬಿಗಿ ಹಿಡಿದು ಕೊಳ್ಳುವ ನಮ್ಮಂಥವರ ಪಾಲಿಗೆ ಇದು ಒಳ್ಳೆಯದೇ ಆಯಿತು.

ಹೊಸಬರಿಗೆ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವುದು ಬೊಜೊಲೆ ನೂವೋ. ಪ್ರತಿವರ್ಷ ನವೆಂಬರ್ ತಿಂಗಳ ಮೂರನೆಯ ಗುರುವಾರ, ಅದೇ ವರ್ಷದ ಸುಗ್ಗಿಯ ವೈನನ್ನು ಜಗತ್ತಿನಾದ್ಯಂತ ಬಿಡುಗಡೆ ಮಾಡುವ ಪದ್ಧತಿ 1985ರಿಂದ ನಡೆದಿದೆ. ದ್ರಾಕ್ಷಿಯ ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬಿದಾಗ ತಳದ ಹಣ್ಣುಗಳು ಮೇಲಿನ ಭಾರಕ್ಕೆ ಒಡೆದು ಹುದುಗಲಾರಂಭಿಸುತ್ತವೆ. ಅದರಿಂದ ಹೊರಟ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ತುಂಬಿಕೊಂಡು, ಮೇಲಿನ ಇಡೀ ಹಣ್ಣುಗಳು ಸಿಪ್ಪೆಯೊಳಗೇ ಹುದುಗುವಂತೆ ಮಾಡುತ್ತದೆ. ಬಾಳೆಹಣ್ಣು, ಚೆರ್ರಿ, ಬಬಲ್ ಗಮ್‌ಗಳ ಪರಿಮಳ ಹುಟ್ಟುವುದೂ ಸಿಪ್ಪೆಯ ಒಗರು ಹೆಚ್ಚು ಇಳಿಯದಿರುವುದೂ ಈ ವಿಧಾನದಿಂದಲೇ. ನೂವೋ ತಯಾರಿಕೆಯಲ್ಲಿ ಈ ಹಂತ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಉತ್ತಮ ಗ್ರಾಮಗಳ ವೈನಿಗೆ ಅದಕ್ಕಿಂತ ಹೆಚ್ಚು ಕಾಲ ಕೊಡುತ್ತಾರೆ. ಆದ್ದರಿಂದ ನೂವೋ ಇರುವುದು ಕೆಲವು ತಿಂಗಳೊಳಗೆ ಕುಡಿದು ಮುಗಿಸಲಿಕ್ಕೆ. ಹಡಗಿನಲ್ಲಿ, ಗೋದಾಮಿನಲ್ಲಿ, ನಮ್ಮ ಏಪ್ರಿಲ್ ಸೆಕೆಯಲ್ಲಿ ದಿನ ಕಳೆದು ನಮ್ಮ ಕೈಸೇರುವ ನೂವೋದಲ್ಲಿ ಆ ತಾಜಾತನ ಎಷ್ಟು ಉಳಿದೀತು? ಸುಗ್ಗಿಯ ವರ್ಷ ನೋಡದೆ ಅದನ್ನು ಕೊಳ್ಳುವುದು ಹಣ ವ್ಯರ್ಥ ಮಾಡಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ವಿದೇಶಿ ವೈನಿನ ಮೇಲೆ ಭಾರತ ಬಹುಕಾಲ ಶೇಕಡಾ 150ರಷ್ಟು ಆಮದು ಸುಂಕ ವಿಧಿಸುತ್ತ ಬಂದಿದೆ. ಅದರ ಮೇಲೆ ಸಾಗಣೆಯ ಖರ್ಚು, ರಾಜ್ಯದ ಅಬಕಾರಿ ತೆರಿಗೆ, ಅಂಗಡಿಯವರ ಲಾಭ ಸೇರಿದ ಮೇಲೆ ಅಲ್ಲಿ ಅಗ್ಗವಾಗಿದ್ದುದು ಇಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಹೇಗೂ ಅಷ್ಟು ಕೊಡುವುದಾದರೆ ಬರೇ ಬೊಜೊಲೆ ಎಂದು ಬರೆದಿರುವ ಬಾಟಲಿಯ ಬದಲು ಸ್ವಲ್ಪ ಹೆಚ್ಚು ಕೊಟ್ಟು ಬೊಜೊಲೆ-ವಿಲಾಜ್ ಕೊಳ್ಳುವುದು ಜಾಣತನ. ಇದು ಉತ್ತರ ಭಾಗದ 38 ಗ್ರಾಮಗಳ ತೋಟಗಳಿಂದ ಬರುವ ವೈನು. ದಕ್ಷಿಣದ ಜೇಡಿ-ಸುಣ್ಣದ ನೆಲದ ಸಾಮಾನ್ಯ ಬೊಜೊಲೆಗಿಂತ ಇದರಲ್ಲಿ ಹಣ್ಣಿನ ಸಾಂದ್ರತೆ ಹೆಚ್ಚು. ಜಾರ್ಜ್ ದ್ಯುಬೂಫ್, ಲೂಯಿ ಜಾದೊ ಮುಂತಾದ ದೊಡ್ಡ ಸಂಸ್ಥೆಗಳು ಅನೇಕ ರೈತರಿಂದ ದ್ರಾಕ್ಷಿ ಅಥವಾ ವೈನು ಕೊಂಡು ತಮ್ಮ ಹೆಸರಿನಲ್ಲಿ ಬಾಟಲಿ ಮಾಡುತ್ತವೆ. ಅವುಗಳಲ್ಲಿ ವಿಶೇಷ ಅಚ್ಚರಿ ಇಲ್ಲದಿರಬಹುದು, ಆದರೆ ರುಚಿ ಹೇಗಿರುತ್ತದೆಂಬ ಅಂದಾಜು ತಪ್ಪುವುದಿಲ್ಲವಾದ್ದರಿಂದ ಮೊದಲ ಬಾಟಲಿಗೆ ಅಡ್ಡಿಯಿಲ್ಲ.

ಅದಕ್ಕಿಂತ ಮೇಲಿನ ದರ್ಜೆ ಕ್ರ್ಯೂ. ಇದಕ್ಕೆ ಸೇರಿದ ಪ್ರದೇಶಗಳು ಹತ್ತೇ ಹತ್ತು: ಸ್ಯಾಂತಾಮೂರ್, ಜೂಲಿಯೆನಾ, ಶೆನಾ, ಮೂಲಾಂ-ಆ-ವಾಂ, ಫ್ಲೂರಿ, ಶಿರೂಬ್ಲ್, ಮೊರ್ಗೊನ್, ರೆನ್ಯೆ, ಬ್ರೂಯಿ, ಕೋತ್ ದ ಬ್ರೂಯಿ. ಇವುಗಳ ಚೀಟಿಯ ಮೇಲೆ ಬೊಜೊಲೆ ಎಂಬ ಹೆಸರು ಬಹುಮಟ್ಟಿಗೆ ಇರುವುದೇ ಇಲ್ಲ. ಅಂಕೋಲೆಯ ಹೆಂಗಸು ಬುಟ್ಟಿ ಇಳಿಸಿ ಕೂತಾಗ ಮಾವು ಎನ್ನದೆ ಈಶಾಡು ಎಂದೇ ಕೂಗುವ ಹಾಗೆ, ಅಲ್ಲಿನ ರೈತರಿಗೂ ಊರಿನ ಹೆಸರೇ ಸಾಕು. ಅಂಗಡಿಯಲ್ಲಿ ಬೊಜೊಲೆ ಎಂಬ ಹೆಸರನ್ನೇ ಹುಡುಕುತ್ತ ನಿಂತವರ ಕಣ್ಣೆದುರಿಗೇ ಒಳ್ಳೆಯ ಬ್ರೂಯಿ ಬಾಟಲಿಯೊಂದು ತಪ್ಪಿಹೋಗುವುದು ಹೀಗೆ.

ಹತ್ತೂ ಒಂದೇ ಬಗೆಯಲ್ಲ. ಬ್ರೂಯಿ ವಿಸ್ತೀರ್ಣದಲ್ಲಿ ದೊಡ್ಡದು, ಸುಲಭವಾಗಿ ಸಿಗುತ್ತದೆ, ಮೃದುವಾಗಿರುತ್ತದೆ. ಎತ್ತರದ ಶಿರೂಬ್ಲ್ ಹಗುರ. ಫ್ಲೂರಿ ಹೂವಿನ ಪರಿಮಳಕ್ಕೆ ಹೆಸರಾಗಿದೆ, ಆ ಹೆಸರಿಗೂ ಸ್ವಲ್ಪ ದುಡ್ಡು ತೆರಬೇಕು. ಮೊರ್ಗೊನ್ ಮತ್ತು ಮೂಲಾಂ-ಆ-ವಾಂ ಗಟ್ಟಿ ಕುಳಗಳು. ಒಳ್ಳೆಯ ವರ್ಷದ ಮೂಲಾಂ-ಆ-ವಾಂ ಹತ್ತು ವರ್ಷವಾದರೂ ಕೆಡದೆ ಮಾಗುತ್ತದೆ. ಮೊರ್ಗೊನ್‌ನಲ್ಲಿ ಮಾರ್ಸೆಲ್ ಲಾಪಿಯೆರ್ ಮತ್ತು ಅವರ ಜೊತೆಯವರು ರಾಸಾಯನಿಕಗಳನ್ನು ದೂರವಿಟ್ಟು ಮಾಡಿದ ವೈನುಗಳಿಂದ ಈ ಪ್ರದೇಶದ ಮಾನ ಹೆಚ್ಚಿತೆಂಬುದು ನಿಜ, ಆದರೆ ಆ ಬಾಟಲಿಗಳಿಂದ ಕಲಿಕೆ ಆರಂಭಿಸುವುದು ದುಬಾರಿ. ಕಡಿಮೆ ಹಣಕ್ಕೆ ಹೆಚ್ಚು ಗುಣ ಬೇಕೆಂದರೆ ಪ್ರಸಿದ್ಧಿ ಕಡಿಮೆಯಿರುವ ಕಡೆ ನೋಡಬೇಕು. 1988ರಲ್ಲಷ್ಟೇ ಈ ದರ್ಜೆ ಪಡೆದ ರೆನ್ಯೆ ಮತ್ತು ಹತ್ತರಲ್ಲಿ ಅತಿ ಚಿಕ್ಕದಾದ ಶೆನಾ ಅಂಥವು. ರೆನ್ಯೆ ಮೀನಿಗೆ ಸೊಗಸು. ಕೋಳಿ ಸಾರು-ವಡೆಗೆ ಜೂಲಿಯೆನಾ ನನ್ನ ಆಯ್ಕೆ.

ಕಾರವಾರದ ಅಂಗಡಿಗಳಲ್ಲಿ ವಿಸ್ಕಿ, ರಮ್ಮುಗಳ ನಡುವೆ ಇದನ್ನು ಹುಡುಕುವುದು ಕಷ್ಟ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಬಹುದು. ಮಡಗಾಂವ್ ಹತ್ತಿರವೆಂಬುದು ಸರಿ, ಆದರೆ ಪರವಾನಗಿಯಿಲ್ಲದೆ ಗೋವಾದ ಮದ್ಯವನ್ನು ಮಾಜಾಳಿ ಗಡಿ ದಾಟಿಸುವುದು ಅಪರಾಧ. ಅಲ್ಲಿ ಕೊಂಡದ್ದನ್ನು ಅಲ್ಲೇ ಕುಡಿದು, ಬೇರೆಯವರಿಗೆ ಗಾಡಿ ಕೊಟ್ಟು ಬರುವುದು ಕ್ಷೇಮ. ಎಲ್ಲಿಯೇ ಕೊಳ್ಳಿ, ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಿಟ್ಟ ಬಾಟಲಿಯನ್ನು ಮುಟ್ಟಬೇಡಿ. ಬಿರಡೆ ಮೇಲಕ್ಕೆದ್ದಿದ್ದರೆ, ಕುತ್ತಿಗೆಯ ಸುತ್ತ ಅಂಟಾಗಿ ಒಸರಿದ ಗುರುತಿದ್ದರೆ ಅದು ಶಾಖಕ್ಕೆ ಸಿಕ್ಕಿದೆ ಎಂದರ್ಥ. ಬೊಜೊಲೆ-ವಿಲಾಜ್ ಆದರೆ ಎರಡು-ಮೂರು ವರ್ಷದೊಳಗಿನದು ಇರಲಿ, ಕ್ರ್ಯೂ ಆದರೆ ಇನ್ನೂ ಕೆಲವು ವರ್ಷ ಹಳೆಯದಾದರೂ ಚಿಂತೆಯಿಲ್ಲ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಕಾರವಾರದ ಕೋಣೆಗೆ ಅನ್ವಯಿಸುವುದಿಲ್ಲ. ಬೊಜೊಲೆ 12ರಿಂದ 14 ಡಿಗ್ರಿಯಲ್ಲಿ ಚೆನ್ನ. ಫ್ರಿಜ್ಜಿನಲ್ಲಿ ಎರಡು-ಮೂರು ಗಂಟೆ ಇಟ್ಟು ಹೊರತೆಗೆದರೆ ನಮ್ಮ ತೇವದ ಗಾಳಿಗೆ ಬಾಟಲಿ ಕ್ಷಣಾರ್ಧದಲ್ಲಿ ಬೆವರಿ, ಚೀಟಿ ಒದ್ದೆಯಾಗಿ ಸರಿಯತೊಡಗುತ್ತದೆ. ಒಂದು ಒಣಬಟ್ಟೆ ಸುತ್ತಿಡಿ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಸುರಿದುಕೊಂಡು ಬಾಟಲಿಯನ್ನು ಮತ್ತೆ ಫ್ರಿಜ್ಜಿಗೆ ಸೇರಿಸಿದರೆ ಕೊನೆಯವರೆಗೂ ಹದ ಕೆಡುವುದಿಲ್ಲ. ರವೆ ಹಚ್ಚಿ ಗರಿಗರಿಯಾಗಿ ಹುರಿದ ಬಂಗುಡೆಯ ತುಂಡನ್ನು ಅಗಿದು, ಅದರ ಖಾರ ನಾಲಿಗೆಯ ಅಂಚಿನಲ್ಲಿ ಇರುವಾಗಲೇ ಒಂದು ಗುಟುಕು ಕುಡಿದರೆ, ವೈನಿನ ಹುಳಿ ಎಣ್ಣೆಯ ಜಿಡ್ಡನ್ನು ತೊಳೆದು ಚೆರ್ರಿಯ ಸವಿಯನ್ನು ಮುಂದಕ್ಕೆ ತರುತ್ತದೆ. ತಿರಫಳ ಹಾಕಿದ ತೆಂಗಿನಕಾಯಿ ಸಾರಿನೊಂದಿಗೆ ಮಾತ್ರ ನನಗೆ ಇದು ಅಷ್ಟಕ್ಕಷ್ಟೇ. ಅದಕ್ಕೆ ಸೋಲಕಡಿಯೇ ಸರಿಯಾದ ಜೊತೆ.

ಬಾಟಲಿ ಒಂದೇ ರಾತ್ರಿಗೆ ಮುಗಿಯಲೇಬೇಕೆಂದಿಲ್ಲ. ಬಿರಡೆಯನ್ನು ಬಿಗಿಯಾಗಿ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನವೂ ಚೆನ್ನಾಗಿಯೇ ಇರುತ್ತದೆ. ಮೂರನೆಯ ದಿನ ಪರಿಮಳ ತುಸು ಇಳಿದಿರುತ್ತದೆ; ಆಮೇಲೂ ಉಳಿದರೆ ಅದನ್ನು ಅಡುಗೆಗೆ ಬಳಸಬಹುದು.