31ನೇ ಸಂಪುಟದ ನಕ್ಷೆ ಹುಡುಕುವಾಗ ಕಲಿತದ್ದು

ಒಂದು ಮಧ್ಯಾಹ್ನ ಭೂವಿಜ್ಞಾನ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನಮ್ಮ ಲೈಬ್ರರಿಯ ಕೌಂಟರಿಗೆ ಬಂದು ಒಂದು ಹಳೇ ಜರ್ನಲ್‌ನ 31ನೇ ಸಂಪುಟ ಕೇಳಿದರು. "ಲೇಖನ ಆನ್‌ಲೈನ್‌ನಲ್ಲೇ ಸಿಕ್ತು ಸರ್. ನನಗೆ ಬೇಕಾಗಿರೋದು ಅದರ ಜೊತೆಗಿದ್ದ ನಕ್ಷೆ" ಅಂತ ಫೋನಿನಲ್ಲಿ ಸ್ಕ್ಯಾನ್ ತೋರಿಸಿದರು. ಸಂಪುಟದ ಹಿಂದಿನ ರಟ್ಟಿಗೆ ಒಂದು ಕಾಗದದ ಜೇಬು ಅಂಟಿಸಿತ್ತು. ಅದರೊಳಗೆ ನಕ್ಷೆ ಮಡಚಿ ಇಟ್ಟಿದ್ದರು. ಸ್ಕ್ಯಾನ್ ಮಾಡಿದವರು ಅದನ್ನು ಬಿಡಿಸಿರಲೇ ಇಲ್ಲ. ಮಡಿಕೆಯ ಮೇಲ್ಭಾಗದ ಒಂದು ಚಿತ್ರ, ಅಷ್ಟೇ.

ಆ ಜರ್ನಲ್‌ನ ಪೂರ್ತಿ ಸೆಟ್ ನಮ್ಮಲ್ಲಿತ್ತು. ಅದನ್ನು ತೆಗೆದುಹಾಕುವ ಪಟ್ಟಿಗೆ ನಾಲ್ಕು ತಿಂಗಳ ಹಿಂದೆ ಸಹಿ ಹಾಕಿದ್ದು ನಾನೇ.

ನಾನು ಸುಮ್ನೆ ಸಹಿ ಹಾಕಿರಲಿಲ್ಲ. ನಮ್ಮ ಸ್ಟ್ಯಾಕ್‌ನಲ್ಲಿ, ಅಂದರೆ ಪುಸ್ತಕದ ಕಪಾಟುಗಳಿರುವ ಕೋಣೆಯಲ್ಲಿ, ಜಾಗ ಮುಗಿದು ಆಗಲೇ ವರ್ಷಗಳಾಗಿದ್ದವು. ಹೊಸ ಪುಸ್ತಕ ಬಂದರೆ ಹಳೆಯದನ್ನು ನೆಲದ ಮೇಲೆ ಜೋಡಿಸಬೇಕಾಗುತ್ತಿತ್ತು. ಓದಲು ಬಂದವರಿಗೆ ಕುರ್ಚಿ ಸಾಲುತ್ತಿರಲಿಲ್ಲ. ಆಗ ನಾವು ಕೆಲವು ಲೈಬ್ರರಿಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಎಲ್ಲರ ಹತ್ತಿರವೂ ಇರುವ ಬೌಂಡ್ ಜರ್ನಲ್‌ಗಳನ್ನು ಹಂಚಿಕೊಳ್ಳುವುದು. ಒಂದೊಂದು ಜರ್ನಲ್‌ಗೆ ಒಬ್ಬರು ಹೊಣೆ. ಅವರು ಉಳಿಸಿಕೊಳ್ಳಬೇಕು, ಬೇಕಾದವರಿಗೆ ಕಳಿಸಿಕೊಡಬೇಕು. ಉಳಿದವರು ತಮ್ಮ ಸೆಟ್ ತೆಗೆದು ಜಾಗ ಮಾಡಿಕೊಳ್ಳಬಹುದು. ಈ ಜರ್ನಲ್‌ನ ಹೊಣೆ ಹೊತ್ತ ಲೈಬ್ರರಿಯ ಕ್ಯಾಟಲಾಗಿನಲ್ಲಿ "ಸಂಪುಟ 1 ರಿಂದ 62" ಅಂತ ಸ್ಪಷ್ಟವಾಗಿತ್ತು. ನಾನು ಅದನ್ನು ಎರಡು ಸಲ ನೋಡಿದ್ದೆ.

ಅಲ್ಲಿಗೆ ಫೋನ್ ಮಾಡಿದೆ. ಮರುದಿನ ಉತ್ತರ ಬಂತು. 29 ರಿಂದ 33ರವರೆಗಿನ ಸಂಪುಟಗಳು ಕಪಾಟಿನಲ್ಲಿಲ್ಲ. ಎಷ್ಟೋ ವರ್ಷದ ಹಿಂದೆ ಬೈಂಡಿಂಗ್‌ಗೆ ಹೋಗಿದ್ದವು, ವಾಪಸ್ ಬಂದ ದಾಖಲೆಯೇ ಇಲ್ಲ. ಕ್ಯಾಟಲಾಗಿನಲ್ಲಿ ಮಾತ್ರ ಯಾರೂ ತಿದ್ದಿರಲಿಲ್ಲ. ನಮ್ಮ ಸೆಟ್ ಅಷ್ಟರಲ್ಲಿ ಕಾಗದದ ಗಿರಣಿ ಸೇರಿತ್ತು.

ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಮ್ಮ ಕ್ಯಾಟಲಾಗಿನಲ್ಲೂ ಅಂಥ ಸಾಲುಗಳಿವೆ, ಎಲ್ಲ ಲೈಬ್ರರಿಯಲ್ಲೂ ಇರುತ್ತವೆ. ತಪ್ಪಾಗಿದ್ದು ನನ್ನ ಕಡೆಯಿಂದ. ತೆಗೆಯುವ ಮುನ್ನ "ಒಂದು ಸಲ ಕಪಾಟಿಗೆ ಹೋಗಿ ನೋಡಿ ಹೇಳ್ತೀರಾ?" ಅಂತ ನಾನು ಕೇಳಲಿಲ್ಲ. ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ಕೇಳಲಿಲ್ಲ.

ಆಮೇಲೆ ಹುಡುಕಾಟ. ನಮ್ಮ ಒಪ್ಪಂದಕ್ಕೆ ಸೇರದೇ ಉಳಿದಿದ್ದ ಒಂದು ಸಣ್ಣ ಲೈಬ್ರರಿಯಲ್ಲಿ ಆ ಸಂಪುಟ ಇದೆ ಅಂತ ಗೊತ್ತಾಯಿತು. ಈ ಸಲ ಫೋನ್ ನಂಬದೆ ನಾನೇ ಹೋದೆ. ಕೊನೆಯ ಸಾಲಿನಲ್ಲಿ, ನೆಲಕ್ಕೆ ಹತ್ತಿರದ ಹಲಗೆಯ ಮೇಲೆ ಇತ್ತು. ಬೆನ್ನಿನ ಚರ್ಮ ಮುಟ್ಟಿದರೆ ಕೆಂಪು ಪುಡಿ ಕೈಗೆ ಮೆತ್ತುತ್ತಿತ್ತು. ಹಿಂದಿನ ರಟ್ಟು ತೆರೆದೆ. ಜೇಬಿತ್ತು. ಜೇಬಿನೊಳಗೆ ನಕ್ಷೆಯೂ ಇತ್ತು. ಹೊರಗೆ ಎಳೆಯಲು ಹೋದಾಗ ಒಂದು ಮೂಲೆ ಬಿಸ್ಕತ್ತಿನ ಚೂರಿನ ಹಾಗೆ ಮುರಿದು ಬೆರಳಿಗೆ ಬಂತು. ಅಲ್ಲಿಗೇ ನಿಲ್ಲಿಸಿದೆ. ಆ ಚೂರನ್ನು ಒಂದು ಲಕೋಟೆಯಲ್ಲಿಟ್ಟು, ಕಾಗದ ರಿಪೇರಿ ಮಾಡುವ ಪರಿಣತರನ್ನು ಕರೆಸಿದೆವು. ಅವರು ಜೇಬನ್ನು ಒಂದು ಬದಿಯಲ್ಲಿ ಬಿಚ್ಚಿದರು. ನಕ್ಷೆಯ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಜಾರಿಸಿ ಒಂದೊಂದೇ ಮಡಿಕೆ ಬಿಡಿಸಿದರು. ಸೀಳಿದ ಮಡಿಕೆಗಳಿಗೆ ಹಿಂದಿನಿಂದ ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಗೋಂದಿನಲ್ಲಿ ಪಟ್ಟಿ ಹಾಕಿದರು. ಆ ವಿದ್ಯಾರ್ಥಿನಿ ಪಕ್ಕದಲ್ಲೇ ನಿಂತಿದ್ದರು. ಅವರು ಹುಡುಕುತ್ತಿದ್ದ ಸ್ತರಭಂಗದ (ಬಂಡೆಯ ಪದರಗಳು ಮುರಿದು ಜಾರಿದ ಜಾಗದ) ಗೆರೆ ನಕ್ಷೆಯ ಎರಡನೇ ಮಡಿಕೆಯ ಒಳಗಿತ್ತು. ಯಾವ ಸ್ಕ್ಯಾನ್‌ನಲ್ಲೂ ಕಾಣದ ಗೆರೆ ಅದು.

ಆ ಲೈಬ್ರರಿಯವರು ಒಂದು ಮಾತು ಹೇಳಿದರು. ಮುಂದಿನ ವರ್ಷದ ವೀಡಿಂಗ್ ಪಟ್ಟಿಯಲ್ಲಿ, ಅಂದರೆ ತೆಗೆದುಹಾಕುವ ಪಟ್ಟಿಯಲ್ಲಿ, ಈ ಜರ್ನಲ್ ಕೂಡ ಇತ್ತಂತೆ. ಕಾರಣ ಕೇಳಿದೆ. "ನೀವೆಲ್ಲಾ ಸೇರಿ ಉಳಿಸ್ತಾ ಇದ್ದೀರಲ್ವಾ?" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ವಾಪಸ್ ಬಂದು, ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಸರಿಯಾಗಿ ಓದಿದೆ. ಮುದ್ರಿತ ಸಂಗ್ರಹವನ್ನು ಒಟ್ಟಾಗಿ ಉಳಿಸುವುದು ಹೊಸ ವಿಚಾರವೇನಲ್ಲ. ಷಿಕಾಗೋದಲ್ಲಿ ಈಗ ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್ ಅಂತ ಇದೆಯಲ್ಲ, ಅದು 1949ರಲ್ಲಿ ಹತ್ತು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಏರ್ಪಾಡು. ಬ್ರಿಟನ್ನಿನ ಯುಕೆ ರಿಸರ್ಚ್ ರಿಸರ್ವ್ 2007ರಲ್ಲಿ ಶುರುವಾಯಿತು. ಅವರ ನಿಯಮ ನೋಡಿ ನನಗೆ ನಮ್ಮ ತಪ್ಪು ಅರ್ಥವಾಯಿತು. ಒಂದು ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿ ಇರಬೇಕಿತ್ತು, ಇನ್ನೆರಡು ಸದಸ್ಯ ಲೈಬ್ರರಿಗಳಲ್ಲಿ ಇರಬೇಕಿತ್ತು. ಈ ಮೂರು ಖಚಿತವಾದ ಮೇಲೆಯೇ ಮಿಕ್ಕವರು ತಮ್ಮದನ್ನು ತೆಗೆಯಬಹುದಿತ್ತು. ನಾವು ಒಂದೇ ಪ್ರತಿಗೆ ಒಪ್ಪಿಕೊಂಡಿದ್ದೆವು. ಅದೂ ನೋಡದೆ.

ಒಂದಕ್ಕೂ ಮೂರಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿದೆ. ಅಮೆರಿಕದ ಪೂರ್ವಭಾಗದ ಲೈಬ್ರರಿಗಳ ಒಕ್ಕೂಟ ಈಸ್ಟ್, ತಾವು ಉಳಿಸುವ ಪುಸ್ತಕಗಳಿಂದ ಒಂದಷ್ಟನ್ನು ಮಾದರಿಗೆ ಆರಿಸಿ ನಿಜವಾಗಿ ಕಪಾಟಿಗೆ ಹೋಗಿ ಹುಡುಕಿತು. ಸುಮಾರು ಶೇಕಡಾ 97ರಷ್ಟಕ್ಕೆ ಲೆಕ್ಕ ಸಿಕ್ಕಿತು. ಕೇಳಲು ಚೆನ್ನಾಗಿದೆ. ಆದರೆ ಪ್ರಪಂಚದಲ್ಲಿ ಉಳಿಸಿದ್ದು ಒಂದೇ ಪ್ರತಿ ಆಗಿದ್ದರೆ ನೂರಕ್ಕೆ ಮೂರು ಪುಸ್ತಕ ಹೋದವು ಅಂತಲೇ ಲೆಕ್ಕ. ಮೂರು ಕಡೆ ಒಂದೊಂದು ಪ್ರತಿ ಇದ್ದು, ಪ್ರತಿ ಕಡೆಯೂ ಕಳೆಯುವುದು ನೂರಕ್ಕೆ ಮೂರೇ ಆಗಿದ್ದರೆ, ಮೂರೂ ಒಟ್ಟಿಗೆ ಇಲ್ಲದೇ ಹೋಗುವುದು ಹತ್ತು ಲಕ್ಷಕ್ಕೆ 27 ಪುಸ್ತಕ ಮಾತ್ರ. ಎರಡು ಪ್ರತಿ ಹೆಚ್ಚಾದರೆ ಇಷ್ಟು ಫರಕು.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಅದನ್ನು ನಮ್ಮ ಸಭೆಯಲ್ಲಿ ಹೇಳಿದ್ದು ಅದೇ ರಿಪೇರಿ ಪರಿಣತರು. ಒಂದೊಂದು ಪ್ರತಿ ಬೇರೆ ಬೇರೆ ಕಾರಣಕ್ಕೆ ಕಳೆದುಹೋಗುತ್ತದೆ ಅಂದುಕೊಂಡರೆ ಮಾತ್ರ ಈ ಗುಣಾಕಾರ ಸರಿ. ಕಾಗದದ ವಿಷಯ ಹಾಗಲ್ಲ. 1850ರ ಆಸುಪಾಸಿನಿಂದ ಮರದ ತಿರುಳಿನ ಕಾಗದ ಬಂತು. ಶಾಯಿ ಹರಡದಿರಲಿ ಅಂತ ಅದಕ್ಕೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಆ ಪಟಿಕದಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ನಿಧಾನವಾಗಿ ತುಂಡು ಮಾಡುತ್ತದೆ. ಒಂದೇ ಮುದ್ರಣದ ಎಲ್ಲ ಪ್ರತಿಗಳದೂ ಅದೇ ಕಾಗದ. ಅಂದರೆ ಮೂರೂ ಪ್ರತಿ ಸೆಕೆ ಮತ್ತು ತೇವ ಇರುವ ಮೂರು ಕೋಣೆಗಳಲ್ಲಿದ್ದರೆ ಮೂರೂ ಒಟ್ಟಿಗೇ ಮುದಿಯಾಗುತ್ತವೆ. ಎಷ್ಟು ಪ್ರತಿ ಅನ್ನುವುದರ ಜೊತೆಗೆ ಎಂಥ ಕೋಣೆಯಲ್ಲಿ ಅನ್ನುವುದನ್ನೂ ಕೇಳಬೇಕು. ಹಾರ್ವರ್ಡ್ 1986ರಲ್ಲಿ ಊರಾಚೆ ಒಂದು ತಣ್ಣನೆಯ, ಒಣ ಉಗ್ರಾಣ ಕಟ್ಟಿತು. ಅಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಇಡದೆ ಅಳತೆಯ ಪ್ರಕಾರ ಟ್ರೇಗಳಲ್ಲಿ ಜೋಡಿಸಿ, ಬಾರ್‌ಕೋಡ್‌ನಿಂದ ಹುಡುಕುತ್ತಾರೆ. ಜಾಗವೂ ಉಳಿಯಿತು, ಕಾಗದದ ಆಯಸ್ಸೂ ಹೆಚ್ಚಿತು. ಆಮೇಲೆ ಎಷ್ಟೋ ಕಡೆ ಅದೇ ಮಾದರಿಯಲ್ಲಿ ಕಟ್ಟಿದರು. ನಮಗೆ ಅಷ್ಟು ಅನುಕೂಲವಿಲ್ಲ. ನಮ್ಮಲ್ಲಿ ಯಾರ ಸ್ಟ್ಯಾಕ್ ಜಾಸ್ತಿ ತಂಪು ಮತ್ತು ಒಣ ಅಂತ ಒಂದು ವರ್ಷ ಅಳೆದೆವು. ಹಳೇ ಕಾಗದದ ಸಂಪುಟಗಳನ್ನು ಅಲ್ಲಿಗೆ ಸಾಗಿಸಿದೆವು.

ಈಗ ನಾವು ಪರಿಶೀಲನೆ ಮಾಡುವ ರೀತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕೇಳಿ ಹಲವರು ಮೇಲ್ ಮಾಡಿದ್ದಾರೆ. ಇಬ್ಬರು ಕೂರುತ್ತಾರೆ. ಒಬ್ಬರು ಪಟ್ಟಿ ಓದುತ್ತಾರೆ, ಇನ್ನೊಬ್ಬರು ಸಂಪುಟ ತೆರೆಯುತ್ತಾರೆ. ಬೆನ್ನಿನ ಮೇಲಿರುವ ಸಂಖ್ಯೆಯನ್ನು ನಂಬುವುದಿಲ್ಲ. ಬೈಂಡರ್ ತಪ್ಪು ಸಂಖ್ಯೆ ಒತ್ತಿದ್ದು, ಎರಡು ವರ್ಷದ ಸಂಚಿಕೆ ಒಂದರೊಳಗೊಂದು ಸೇರಿದ್ದು ನಮಗೇ ಸಿಕ್ಕಿದೆ. ಒಳಗಿನ ಸಂಚಿಕೆಗಳನ್ನು ಎಣಿಸುತ್ತಾರೆ. ಚಿತ್ರಗಳಿರುವ ಪುಟಗಳನ್ನು ಒಂದೊಂದಾಗಿ ನೋಡುತ್ತಾರೆ, ಏಕೆಂದರೆ ಬ್ಲೇಡ್ ಹಾಕಿ ಕತ್ತರಿಸಿಕೊಂಡು ಹೋಗುವುದು ಅವನ್ನೇ. ಮಡಚಿದ ಹಾಳೆ, ಹಿಂದಿನ ಜೇಬು, ವರ್ಷದ ಸೂಚಿ ಇವೆಯಾ ಅಂತ ಬರೆದುಕೊಳ್ಳುತ್ತಾರೆ. ಪುಟದ ಮೂಲೆ ಮಡಚಿ ಮುರಿಯುತ್ತದೋ ಇಲ್ಲವೋ ನೋಡುವ ಹಳೇ ಪರೀಕ್ಷೆಯನ್ನು ನಾವು ಬಿಟ್ಟಿದ್ದೇವೆ. ಬೆರಳಲ್ಲಿ ಮೆಲ್ಲಗೆ ಬಾಗಿಸಿದರೆ ಸಾಕು, ಕೈಗೆ ತಿಳಿಯುತ್ತದೆ.

ಇದಕ್ಕೆ ಸಮಯ ಹಿಡಿಯುತ್ತದೆ. ಎಲ್ಲಕ್ಕೂ ಹೀಗೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಅಮೆರಿಕದ ಪಶ್ಚಿಮ ಭಾಗದ ವೆಸ್ಟ್ ಒಕ್ಕೂಟದವರು ಜರ್ನಲ್‌ಗಳನ್ನು ಕಂಚು, ಬೆಳ್ಳಿ, ಚಿನ್ನ ಅಂತ ವಿಂಗಡಿಸಿದರು. ಅಪಾಯ ಕಡಿಮೆ ಇರುವುದಕ್ಕೆ ಪರಿಶೀಲನೆ ಕಡಿಮೆ, ಅಪಾಯ ಹೆಚ್ಚಿದ್ದಷ್ಟೂ ಹೆಚ್ಚು. ಒಳ್ಳೆಯ ಸ್ಕ್ಯಾನ್ ಇದ್ದು, ಬರೀ ಅಕ್ಷರಗಳಿರುವ ಜರ್ನಲ್‌ಗೆ ಒಂದು ದಿನ ಕಳೆಯುವ ಬದಲು, ನಕ್ಷೆ ಮತ್ತು ಬಣ್ಣದ ಚಿತ್ರ ಇರುವುದಕ್ಕೆ ಆ ದಿನ ಕೊಡಬೇಕು. ನಾವೂ ಹಾಗೇ ಮಾಡುತ್ತೇವೆ.

ಇನ್ನೊಂದು ಮುಖ್ಯ ವಿಷಯ. "ಉಳಿಸುತ್ತೇವೆ" ಅನ್ನುವ ಮಾತನ್ನು ನಾವು ಮೊದಲು ಫೈಲಿನಲ್ಲಿಟ್ಟಿದ್ದೆವು. ಸಭೆಯ ನಡಾವಳಿ, ಮೂರು ಸಹಿ, ಒಂದು ಸೀಲು. ಸ್ಟ್ಯಾಕ್‌ನಲ್ಲಿ ಪುಸ್ತಕ ತೆಗೆಯುವವರು ಆ ಫೈಲ್ ನೋಡುವುದಿಲ್ಲ, ಅವರು ನೋಡುವುದು ಕ್ಯಾಟಲಾಗ್ ದಾಖಲೆಯನ್ನು. ಲೈಬ್ರರಿಗಳ ಕಂಪ್ಯೂಟರ್ ಕ್ಯಾಟಲಾಗಿಗೆ ಮಾರ್ಕ್ ಅಂತ ಒಂದು ಸಾಮಾನ್ಯ ನಮೂನೆ ಇದೆ, ಅದರ ದಾಖಲೆಯಲ್ಲಿ 583 ಅಂತ ಒಂದು ಜಾಗ ಇದೆ. ಯಾವ ಲೈಬ್ರರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಒಪ್ಪಂದದ ಪ್ರಕಾರ ಈ ಪ್ರತಿಯನ್ನು ಉಳಿಸಲು ಒಪ್ಪಿದೆ ಅಂತ ಅಲ್ಲಿ ಬರೆಯಬಹುದು. ಈಗ ನಮ್ಮ ಎಲ್ಲ ಹೊಣೆ ಅಲ್ಲಿದೆ. ಯಾವ ಸಂಪುಟ ಇಲ್ಲ ಅನ್ನುವುದನ್ನೂ ಬರೆಯುತ್ತೇವೆ. ಇಲ್ಲದ್ದನ್ನು ಬರೆಯಲು ಮೊದಲು ಎಲ್ಲರಿಗೂ ಸಂಕೋಚ ಇತ್ತು. ಈಗ ಇಲ್ಲ.

ದಿನಾಂಕ ಯಾಕೆ ಬೇಕು ಅಂತ ಕೇಳಬಹುದು. ಈಸ್ಟ್‌ನವರು ಒಪ್ಪಿದ್ದು 15 ವರ್ಷಕ್ಕೆ. ಹಾತಿಟ್ರಸ್ಟ್ ಅನ್ನುವ ಡಿಜಿಟಲ್ ಪುಸ್ತಕ ಭಂಡಾರದ ಜೊತೆ ಸೇರಿದ ಲೈಬ್ರರಿಗಳು ಪುಸ್ತಕಗಳನ್ನು 25 ವರ್ಷ, ಅಂದರೆ 2042ರವರೆಗೆ ಉಳಿಸುವ ಮಾತು ಕೊಟ್ಟಿವೆ. ಅಷ್ಟು ಹೊತ್ತಿಗೆ ಸಹಿ ಹಾಕಿದವರಲ್ಲಿ ಬಹಳ ಜನ ನಿವೃತ್ತರಾಗಿರುತ್ತಾರೆ. ನಾನಂತೂ ಆಗಿರುತ್ತೇನೆ. ನನ್ನ ಕುರ್ಚಿಯಲ್ಲಿ ಕೂರುವವರಿಗೆ ಜಾಗದ ಒತ್ತಡ ಇದ್ದೇ ಇರುತ್ತದೆ. ಅವರು ಒಂದು ಸಂಪುಟ ತೆಗೆಯಲು ಹೊರಟಾಗ ಪರದೆಯ ಮೇಲೆ ಆ ಸಾಲು ಕಾಣಬೇಕು.

ನಮ್ಮ ಅಧ್ಯಾಪಕರ ಬಗ್ಗೆಯೂ ಹೇಳಬೇಕು. ಮೊದಲ ಸಲ ಪಟ್ಟಿ ಹೊರಬಂದಾಗ ಹಿರಿಯ ಪ್ರೊಫೆಸರ್ ಒಬ್ಬರು ಕೋಪ ಮಾಡಿಕೊಂಡಿದ್ದರು. "ಯಾರೂ ಮುಟ್ಟಿಲ್ಲ ಅಂತೀರಿ. ನಾನು ಕಪಾಟಿನ ಮುಂದೆ ನಿಂತೇ ಓದಿ ವಾಪಸ್ ಇಡ್ತೀನಿ, ಅದು ನಿಮ್ಮ ಕಂಪ್ಯೂಟರಿಗೆ ಗೊತ್ತಾಗಲ್ಲ" ಅಂದಿದ್ದರು. ಅವರು ಹೇಳಿದ್ದು ನಿಜ. ಎರವಲಿನ ಲೆಕ್ಕ ಮಾತ್ರ ನೋಡಿದರೆ ಅಲ್ಲೇ ನಿಂತು ಓದಿದ್ದು ಕಾಣುವುದೇ ಇಲ್ಲ. ಈಗ ಪಟ್ಟಿಯನ್ನು ವಿಭಾಗಗಳಿಗೆ ಮೊದಲೇ ಕಳಿಸುತ್ತೇವೆ. ಆ ಪ್ರೊಫೆಸರ್ ಪ್ರತಿ ಪಟ್ಟಿಯನ್ನೂ ಪೆನ್ಸಿಲ್ ಹಿಡಿದು ಓದುತ್ತಾರೆ. ಜೇಬಿನಲ್ಲಿ ನಕ್ಷೆ ಇರುವ ಇನ್ನೂ ಮೂರು ಜರ್ನಲ್‌ಗಳನ್ನು ಗುರುತಿಸಿಕೊಟ್ಟದ್ದು ಅವರೇ.

ಆ ಸಣ್ಣ ಲೈಬ್ರರಿ ಈಗ ನಮ್ಮ ಒಪ್ಪಂದದಲ್ಲಿದೆ. 31ನೇ ಸಂಪುಟಕ್ಕೆ ಅಳತೆ ತೆಗೆದು ಒಂದು ಪೆಟ್ಟಿಗೆ ಮಾಡಿಸಿದ್ದೇವೆ. ನಕ್ಷೆಯನ್ನು ಮತ್ತೆ ಮಡಚಲಿಲ್ಲ. ಅದು ಪಕ್ಕದಲ್ಲೇ ಅಗಲವಾದ ಫೋಲ್ಡರಿನಲ್ಲಿ ಚಪ್ಪಟೆಯಾಗಿ ಮಲಗಿದೆ. ಎರಡಕ್ಕೂ ಒಂದೇ ಬಾರ್‌ಕೋಡ್ ದಾಖಲೆ. ಕೇಳಿದವರಿಗೆ ಸ್ಕ್ಯಾನ್ ಹೋಗುತ್ತದೆ, ಮೂಲ ಅಂಚೆಯಲ್ಲಿ ಹೋಗುವುದಿಲ್ಲ.

ಇನ್ನೆರಡು ಪ್ರತಿಗಾಗಿ ಹುಡುಕುತ್ತಲೇ ಇದ್ದೇವೆ. ಹೋದ ತಿಂಗಳು ಇನ್ನೊಂದು ಲೈಬ್ರರಿಯಿಂದ ಉತ್ತರ ಬಂತು. ಕಪಾಟಿಗೆ ಹೋಗಿ ನೋಡಿಯೇ ಬರೆದಿದ್ದರು. ಸಂಪುಟ ಇದೆ, ಪುಟ ಪೂರ್ತಿ ಇವೆ, ಹಿಂದಿನ ಜೇಬು ಮಾತ್ರ ಖಾಲಿ. ನಾವು ನಮ್ಮ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ, ಆಮ್ಲವಿಲ್ಲದ ಕಾಗದದ ಮೇಲೆ ಮುದ್ರಿಸಿ, ಮೂಲೆಯಲ್ಲಿ ಪೆನ್ಸಿಲಿನಿಂದ "ಪ್ರತಿ" ಅಂತ ಬರೆದು, ಆ ಜೇಬಿಗೆ ಅಂತ ಮೊನ್ನೆ ಕಳಿಸಿದೆವು.