ಒತ್ತಿದಷ್ಟೂ ತೆಳುವಾದ ನೀರು

ನನ್ನ ಸಂಶೋಧನೆಯ ಎರಡನೆಯ ವರ್ಷ. ನೀರು ಮತ್ತು ಎಥನಾಲ್ ಮಿಶ್ರಣದ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು, ಹೆಚ್ಚಿನ ಒತ್ತಡದಲ್ಲಿ ಅಳೆಯುವುದು ನನ್ನ ಕೆಲಸ. ದಪ್ಪ ಉಕ್ಕಿನ ಪಾತ್ರೆ, ಅದರೊಳಗೆ ಓರೆಯಾಗಿ ಕೂರಿಸಿದ ನಳಿಕೆ, ನಳಿಕೆಯಲ್ಲೊಂದು ಸಣ್ಣ ಉಕ್ಕಿನ ಗುಂಡು. ಎರಡು ತಂತಿ ಸುರುಳಿಗಳ ನಡುವೆ ಗುಂಡು ಉರುಳುವ ಹೊತ್ತನ್ನು ಹಿಡಿದರೆ ದ್ರವದ ಸ್ನಿಗ್ಧತೆ ಸಿಗುತ್ತದೆ. ಪಂಪಿನ ಹಿಡಿ ತಿರುಗಿಸಿ ಒತ್ತಡವನ್ನು 100 ಮೆಗಾಪ್ಯಾಸ್ಕಲ್‌ಗೆ ಏರಿಸುತ್ತಿದ್ದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಸಾವಿರ ಪಟ್ಟು.

ಹಿಂದಿನ ವಾರ ಟಾಲೂಯಿನ್ ಎಂಬ ದ್ರಾವಕ ತುಂಬಿದ್ದಾಗ ಒತ್ತಡ ಏರಿದಂತೆಲ್ಲ ಗುಂಡು ನಿಧಾನವಾಗಿತ್ತು. ಅಣುಗಳು ಹತ್ತಿರವಾದಷ್ಟೂ ಒಂದನ್ನೊಂದು ದಾಟಲು ಜಾಗ ಸಾಲದು. ತೇರಿನ ದಿನ ರಥಬೀದಿಯಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ದಿನ ಬರೀ ನೀರು, 5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಧಾರಣ ಒತ್ತಡದಲ್ಲಿ ಗುಂಡು ಉರುಳಲು 40 ಸೆಕೆಂಡು ಹಿಡಿಯಿತು. 100 ಮೆಗಾಪ್ಯಾಸ್ಕಲ್‌ನಲ್ಲಿ 38! ಮತ್ತೆ ಅಳೆದೆ, ಮತ್ತೆ 38. ಪುಸ್ತಕದಲ್ಲಿ ಆ ಸಾಲಿಗೆ ಗೀಟು ಎಳೆದೆ. ಒತ್ತಡಮಾಪಕದ ಮುಳ್ಳು ಅಲುಗಾಡಿರಲಿಲ್ಲ, ಹಾಗಾಗಿ ಸೋರಿಕೆಯಲ್ಲ. ಉಳಿದದ್ದು ಶಾಖದ ಅನುಮಾನ. ಒತ್ತಿದಾಗ ದ್ರವ ಬಿಸಿಯಾಗುತ್ತದೆ. ಆ ತಂಪಿನಲ್ಲಿ ಒಂದೇ ಡಿಗ್ರಿ ಏರಿದರೂ ನೀರಿನ ಸ್ನಿಗ್ಧತೆ ಶೇಕಡಾ 3ರಷ್ಟು ಇಳಿಯುತ್ತದೆ. ಆರಲೆಂದು ಒಂದು ಗಂಟೆ ಕಾದೆ, ಆಮೇಲೆ ಎರಡು ಗಂಟೆ. ಊಟದ ಡಬ್ಬಿ ತೆರೆಯಲಿಲ್ಲ. ಗುಂಡು 38ನ್ನು ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಮೇಡಂ ಬಂದರು. ಗೀಟು ಎಳೆದ ಸಾಲನ್ನು ಓದಿ, “ಶಾಖವೇ ಕಾರಣವಾದರೆ 40 ಡಿಗ್ರಿಯಲ್ಲೂ ಗುಂಡು ಬೇಗ ಉರುಳಬೇಕಲ್ಲವೇನಮ್ಮ? ಅಳೆದು ನೋಡು” ಎಂದಷ್ಟೇ ಹೇಳಿ ಹೋದರು.

ಪಾತ್ರೆಯನ್ನಿಟ್ಟ ನೀರಿನ ತೊಟ್ಟಿ 40 ಡಿಗ್ರಿಗೆ ಏರಿ ನಿಲ್ಲುವಷ್ಟರಲ್ಲಿ ಸಂಜೆಯಾಗಿತ್ತು. ಸಾಧಾರಣ ಒತ್ತಡದಲ್ಲಿ 17.3 ಸೆಕೆಂಡು. ಒತ್ತಡ ಏರಿಸಿ, ಕಾದು, ಅಳೆದೆ: 17.8. ಈಗ ಗುಂಡು ನಿಧಾನವಾಗಿತ್ತು! ಅದೇ ಗುಂಡು, ಅದೇ ನಳಿಕೆ, ಅದೇ ಕಾಯುವಿಕೆ. ಬದಲಾದದ್ದು ನೀರಿನ ನಡತೆ ಮಾತ್ರ. ನನಗೆ ಮೈ ಜುಮ್ಮೆಂದಿತು.

ತಣ್ಣನೆಯ ನೀರಿನಲ್ಲಿ ಪ್ರತಿ ಅಣುವೂ ಸುಮಾರು ನಾಲ್ಕು ನೆರೆಯವರೊಂದಿಗೆ ಹೈಡ್ರೋಜನ್ ಬಂಧದಿಂದ ಕೈಹಿಡಿದು, ನಡುವೆ ಸಾಕಷ್ಟು ಖಾಲಿ ಜಾಗ ಬಿಟ್ಟುಕೊಂಡಿರುತ್ತದೆ. ಒತ್ತಡ ಬಿದ್ದಾಗ ಆ ಹೆಣಿಗೆ ಬಾಗುತ್ತದೆ, ಐದನೆಯ ಅಣು ನಡುವೆ ನುಸುಳುತ್ತದೆ, ಹಿಡಿತ ಸಡಿಲವಾಗುತ್ತದೆ. ಸುಮಾರು 30 ಡಿಗ್ರಿ ದಾಟಿದ ಮೇಲೆ ಹೆಣಿಗೆ ಮೊದಲೇ ಶಿಥಿಲವಾಗಿರುವುದರಿಂದ ನೀರೂ ಉಳಿದ ದ್ರವಗಳಂತೆಯೇ ವರ್ತಿಸುತ್ತದೆ. ಎಕ್ಸ್ ಕಿರಣ ಕಂಡುಹಿಡಿಯುವುದಕ್ಕೆ ಹನ್ನೊಂದು ವರ್ಷ ಮೊದಲೇ, 1884ರಲ್ಲಿ, ರಾಂಟ್ಜೆನ್ ನೀರಿನ ಈ ಗುಣವನ್ನು ವರದಿ ಮಾಡಿದ್ದರೆಂದು ಮೇಡಂ ಆಮೇಲೆ ಹೇಳಿದರು. ಮೊದಲೇ ಹೇಳದಿದ್ದುದಕ್ಕೆ ಇಂದಿಗೂ ಅವರಿಗೆ ಋಣಿ.

ಎಥನಾಲ್‌ನ ಸರದಿ ಮರುವಾರ ಬಂತು. ನೀರು, ಎಥನಾಲ್ ಎರಡೂ ತೆಳು. ಬೆರೆತಾಗ ಮಾತ್ರ ಎರಡಕ್ಕಿಂತಲೂ ಮಂದ. 25 ಡಿಗ್ರಿಯಲ್ಲಿ ಆ ಮಿಶ್ರಣದ ಗರಿಷ್ಠ ಸ್ನಿಗ್ಧತೆ ನೀರಿನ ಎರಡೂವರೆ ಪಟ್ಟನ್ನೂ ದಾಟುತ್ತದೆ. ಎಥನಾಲ್ ಪಾಲು ಹೆಚ್ಚಿಸುತ್ತ ಹೋದಂತೆ ನೀರಿನ ಆ ವಿಚಿತ್ರ ಗುಣ ಅಳಿಸಿಹೋಗಿ, ಒತ್ತಡಕ್ಕೆ ಗುಂಡು ನಿಧಾನವಾಗತೊಡಗಿತು. ಅದನ್ನು ಹಂತಹಂತವಾಗಿ ದಾಖಲಿಸುವುದರಲ್ಲೇ ಮುಂದಿನ ತಿಂಗಳುಗಳು ಕಳೆದವು.

ಬರೀ ನೀರನ್ನು ಅಳೆದ ಆ ಸಂಜೆ ಮನೆಗೆ ಹೊರಡುವ ಮುನ್ನ ಪುಸ್ತಕ ತೆರೆದು, ಗೀಟು ಎಳೆದಿದ್ದ ಸಾಲಿನ ಕೆಳಗೆ 38ನ್ನು ಮತ್ತೆ ಬರೆದೆ.