ಸಿಡಿದ ಸೇತುವೆ ನೋಡಲು ದೋಣಿ ಹತ್ತಬೇಡಿ

ಲಂಡನ್ನಿನ ರೀಜೆಂಟ್ಸ್ ಕಾಲುವೆಯಲ್ಲಿ ಲಿಟಲ್ ವೆನಿಸ್‌ನಿಂದ ಕ್ಯಾಮ್ಡೆನ್‌ವರೆಗೆ ಪ್ರವಾಸಿ ದೋಣಿಗಳು ಓಡಾಡುತ್ತವೆ. ನಾನು ಒಂದನ್ನು ಹತ್ತಿದ್ದು ಮ್ಯಾಕಲ್ಸ್‌ಫೀಲ್ಡ್ ಸೇತುವೆಗಾಗಿ. ‘ಚೆನ್ನಾಗಿ ತೋರಿಸುತ್ತೇವೆ’ ಎಂದು ಹೇಳಿಯೇ ಟಿಕೆಟ್ ಕೊಟ್ಟಿದ್ದರು. ದೋಣಿ ಅದರಡಿ ಹಾದುಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟರಲ್ಲಿ ಕರಕರ ಎನ್ನುವ ಧ್ವನಿವರ್ಧಕದಿಂದ ಒಂದು ನಗೆಹನಿ ಬಂತು, ಮುಂದಿನ ಸಾಲಿನವರೆಲ್ಲ ಮೊಬೈಲ್ ಎತ್ತಿ ಹಿಡಿದರು. ನನಗೆ ಕಂಡದ್ದು ಅವರ ಮೊಣಕೈಗಳು. ಅದೇ ಸೇತುವೆಯಡಿ ದಂಡೆಯ ಕಾಲುದಾರಿಯಲ್ಲಿ ಬಿಡಿಗಾಸು ಖರ್ಚಿಲ್ಲದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಇದನ್ನು ಟಿಕೆಟ್ ಮಾರುವವರು ಏಕೆ ಹೇಳುತ್ತಾರೆ?

ಇದು ರೀಜೆಂಟ್ಸ್ ಪಾರ್ಕಿನ ಉತ್ತರದ ಅಂಚಿನಲ್ಲಿರುವ ಸಣ್ಣ ಸೇತುವೆ. ಕಾಲುವೆ ಕಂಪನಿಯ ಅಧ್ಯಕ್ಷನಾಗಿದ್ದ ಮ್ಯಾಕಲ್ಸ್‌ಫೀಲ್ಡ್ ಪ್ರಭುವಿನ ಹೆಸರನ್ನು ಇದಕ್ಕೆ ಇಟ್ಟರೂ ಊರವರ ಬಾಯಲ್ಲಿ ಇದು ‘ಸಿಡಿದ ಸೇತುವೆ’. 1874ರ ಅಕ್ಟೋಬರ್ 2ರ ನಸುಕಿನಲ್ಲಿ ಉಗಿದೋಣಿಯೊಂದು ಸರಕು ದೋಣಿಗಳ ಸಾಲನ್ನು ಎಳೆದೊಯ್ಯುತ್ತಿತ್ತು. ಅದರಲ್ಲಿ ‘ಟಿಲ್ಬರಿ’ ಎಂಬ ದೋಣಿಯ ಮೇಲೆ ಸಕ್ಕರೆ ಮತ್ತು ಪೆಟ್ರೋಲಿಯಂ ಜತೆಗೆ ಸುಮಾರು ಐದು ಟನ್ ಕೋವಿಮದ್ದೂ ಇತ್ತು! ಸರಿಯಾಗಿ ಸೇತುವೆಯ ಕೆಳಗೇ ಅದು ಸ್ಫೋಟಿಸಿತು. ದೋಣಿಯಲ್ಲಿದ್ದ ಮೂವರು ಸತ್ತರು, ಸೇತುವೆ ಕುಸಿಯಿತು, ಸುತ್ತಲಿನ ಮನೆಗಳು ಜಖಂಗೊಂಡವು. ಸ್ಫೋಟಕಗಳ ಬಗ್ಗೆ ಬ್ರಿಟನ್ನಿನಲ್ಲಿ ಬಿಗಿಯಾದ ಕಾಯಿದೆ ಬಂದದ್ದು ಮರುವರ್ಷ.

ಸೇತುವೆಯನ್ನು ಮತ್ತೆ ಕಟ್ಟುವಾಗ ಹಳೆಯ ಎರಕದ ಕಬ್ಬಿಣದ ಕಂಬಗಳನ್ನೇ ಬಳಸಿದರು. ಕಂಬದ ತಲೆಯ ಬಳಿ ‘ಕೋಲ್‌ಬ್ರೂಕ್‌ಡೇಲ್’ ಎಂದು, ಅವನ್ನು ಎರಕ ಹೊಯ್ದ ಊರಿನ ಹೆಸರು, ಎರಕದ ಅಕ್ಷರಗಳಲ್ಲಿದೆ. ಅಲ್ಲಿಂದ ಕಣ್ಣನ್ನು ಕೆಳಗಿಳಿಸಿ. ದಂಡೆಯ ಮೇಲೆ ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲದಲ್ಲಿ ಮರಳು ಮೆತ್ತಿದ ಒದ್ದೆ ಹಗ್ಗ ಕಂಬಕ್ಕೆ ಉಜ್ಜಿ ಉಜ್ಜಿ, ನಮ್ಮ ಬಾವಿಕಟ್ಟೆಯ ಕಲ್ಲು ಸವೆದಂತೆ ಕಬ್ಬಿಣವೂ ಸವೆದಿದೆ. ಬೆರಳಿಟ್ಟರೆ ಕೂರುವಷ್ಟು ಆಳ, ಒಳಗೆ ನುಣುಪು. ವಿಚಿತ್ರವೆಂದರೆ ಸವೆತ ಕಂಬದ ಎರಡೂ ಮಗ್ಗುಲಲ್ಲಿದೆ. ಹಗ್ಗ ಉಜ್ಜುವುದು ನೀರಿನ ಕಡೆಗೆ ಮಾತ್ರ. ಸ್ಫೋಟದ ನಂತರ ಕಂಬಗಳನ್ನು ತಿರುಗಿಸಿ ನಿಲ್ಲಿಸಿದ್ದರಿಂದ ಹಳೆಯ ಸವೆತ ಒಳಗಡೆಗೆ ಬಂತು, ನೀರಿನ ಕಡೆ ಹೊಸದು ಶುರುವಾಯಿತು. ದೋಣಿಯಲ್ಲಿ ಕೂತವರಿಗೆ ಈ ಹಳೆಯ ಮಗ್ಗುಲು ಕಾಣುವುದೇ ಇಲ್ಲ.

ಸೇಂಟ್ ಜಾನ್ಸ್ ವುಡ್ ಮೆಟ್ರೊ ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ನಡೆಯಲಾಗದವರಿಗೆ ಪ್ರಿನ್ಸ್ ಆಲ್ಬರ್ಟ್ ರಸ್ತೆಯಲ್ಲಿ 274ನೇ ಬಸ್ ಇದೆ. ಬೆಳಿಗ್ಗೆ ಬೇಗ ಹೋಗುವುದಾದರೆ ಎಚ್ಚರ: ಕಾಲುದಾರಿ ಕಿರಿದು, ಕಚೇರಿಗೆ ಹೊರಟ ಸೈಕಲ್ಲಿನವರು ಗಂಟೆ ಬಾರಿಸುವ ಹೊತ್ತಿಗೆ ಬೆನ್ನಿಗೇ ಬಂದಿರುತ್ತಾರೆ. ಸೇತುವೆಯಡಿ ಅವರಿಗೆ ನೀವು ಕಾಣುವುದಿಲ್ಲ. ಹತ್ತರ ನಂತರ ನೆಮ್ಮದಿ. ಲಿಟಲ್ ವೆನಿಸ್‌ನಿಂದ ನಡೆದು ಬರುವವರು ಮೇಡಾ ಹಿಲ್ ಸುರಂಗದ ಬಳಿ ರಸ್ತೆಗೆ ಹತ್ತಲೇಬೇಕು, ಸುರಂಗದೊಳಗೆ ಕಾಲುದಾರಿಯಿಲ್ಲ. ಸೇತುವೆ ದಾಟಿ ಪೂರ್ವಕ್ಕೆ ಹೋದರೆ ಮೃಗಾಲಯ ಸಿಗುತ್ತದೆ. ಅಲ್ಲಿನ ಎತ್ತರದ ಬಲೆಯ ಪಂಜರದಲ್ಲಿ 2022ರಿಂದ ಕೊಲೊಬಸ್ ಮಂಗಗಳಿವೆ. ಅದೃಷ್ಟವಿದ್ದರೆ ದಂಡೆಯಿಂದಲೇ ಕಾಣುತ್ತವೆ, ಅದೂ ಬಿಟ್ಟಿ. ಕ್ಯಾಮ್ಡೆನ್ ಮಾರುಕಟ್ಟೆಗೆ ಶನಿವಾರ ಕಾಲಿಡಬೇಡಿ. ಹೆಗಲಿಗೆ ಹೆಗಲು ಉಜ್ಜಿಕೊಂಡು ತಿರುಗುವುದು ಇಷ್ಟವಿದ್ದವರು ಹೋಗಲಿ, ನಾನು ಐದೇ ನಿಮಿಷಕ್ಕೆ ಹೊರಬಂದೆ.

ಪ್ಯಾಡಿಂಗ್ಟನ್ ಸುತ್ತಮುತ್ತ ಕೋಣೆ ಹಿಡಿಯುವವರು ‘ನೆಲಮಾಳಿಗೆಯೇ’ ಎಂದು ಮೊದಲೇ ಬರೆದು ಕೇಳಿ. ನಮಗೆ ಸಿಕ್ಕ ಕೋಣೆಯ ಕಿಟಕಿ ತೆರೆದರೆ ಕೈಗೆಟಕುವಲ್ಲಿ ಪಾಚಿ ಹಿಡಿದ ಗೋಡೆ. ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲಲ್ಲಿ ಪೆಟ್ಟಿಗೆ ಇಳಿಸುವಾಗ ನನ್ನಾಕೆ ಪೂರ್ತಿ ಇಂಗ್ಲೆಂಡಿಗೇ ಶಾಪ ಹಾಕಿದಳು. ಬೆಳಗಿನ ತಿಂಡಿಯೆಂದರೆ ಎರಡು ಚೂರು ಬ್ರೆಡ್ಡು.

ಆ ಕೋಪ ಇಳಿದದ್ದು ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ರಸ್ತೆಯಲ್ಲಿ. ಅಲ್ಲಿ ಭಾರತೀಯ ಹೋಟೆಲುಗಳ ಸಾಲೇ ಇದೆ. ನಾವು ಹೊಕ್ಕ ಸಸ್ಯಾಹಾರಿ ಹೋಟೆಲಿನ ಮೇಜು ಹಳೆಯದು, ಗೋಡೆಯ ಬಣ್ಣ ಮಾಸಿದ್ದು, ಆದರೆ ದೋಸೆಯ ಹಿಟ್ಟು ಹದವಾಗಿ ಹುಳಿ ಬಂದಿತ್ತು. ಅಂಚು ಗರಿಗರಿ, ನಡುವೆ ಮೆತ್ತಗೆ, ಪಲ್ಯದಲ್ಲಿ ಈರುಳ್ಳಿ ಧಾರಾಳ. ಚಟ್ನಿಗೆ ತೆಂಗಿನಕಾಯಿಯನ್ನೇ ಹಾಕಿದ್ದರು, ಬರೀ ಕಡಲೆಯಲ್ಲ. ಸಾಂಬಾರು ಸ್ವಲ್ಪ ಸಿಹಿ, ಉಡುಪಿ ಕಡೆಯವರಿಗೆ ಹಿಡಿಸೀತು. ಬಟ್ಟಲು ಖಾಲಿಯಾದದ್ದನ್ನು ಕಂಡು ಕೇಳದೆಯೇ ಮತ್ತೆ ತಂದಿಟ್ಟರು, ಬಿಲ್ಲಿಗೆ ಸೇರಿಸಲಿಲ್ಲ. ಇಬ್ಬರೂ ಹೊಟ್ಟೆ ತುಂಬ ತಿಂದು ಕೊಟ್ಟ ಹಣ ಒಂದು ದೋಣಿ ಟಿಕೆಟ್ಟಿಗಿಂತ ಸ್ವಲ್ಪವೇ ಹೆಚ್ಚು. ಮರುದಿನವೂ ಅಲ್ಲಿಗೇ ಹೋದೆವು.

ಸೇತುವೆಯಿಂದ ಅಲ್ಲಿಗೆ 274ರಲ್ಲಿ ಕ್ಯಾಮ್ಡೆನ್ ತಲುಪಿ, 24 ಅಥವಾ 29ನೇ ಬಸ್ ಹಿಡಿಯಿರಿ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎರಡನೆಯದನ್ನು ಹತ್ತಿದರೆ ಮತ್ತೆ ಹಣ ಕಡಿತವಿಲ್ಲ, ಎರಡೂ ಕಡೆ ಅದೇ ಕಾರ್ಡ್ ತಾಗಿಸಬೇಕು ಅಷ್ಟೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು, ಗಂಡನ ಕಾರ್ಡಿನಲ್ಲಿ ಹೆಂಡತಿಯನ್ನೂ ಕೂರಿಸಲಾಗದು. ನಮ್ಮ ಬ್ಯಾಂಕುಗಳ ಕಾರ್ಡ್ ಒಯ್ಯುವುದಾದರೆ ವಿದೇಶಿ ವಹಿವಾಟು ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಊರಿನಲ್ಲೇ ಚಾಲೂ ಮಾಡಿಕೊಂಡು ಹೊರಡಿ.